ಕಾರಿನ ಕ್ಯಾರಿಯರ್ ಮತ್ತು ಭಾಮೈದನ ಮದುವೆ

ಕಾರು ಇಟ್ಟುಕೊಂಡವನಿಗೆ ನೆಂಟರು ಜಾಸ್ತಿ ಅಂತಾರೆ. ಅದರ ತಲೆ ಮೇಲೆ ಕ್ಯಾರಿಯರ್ ಹಾಕಿಸಿದವನಿಗೆ ಫಜೀತಿಯೂ ಜಾಸ್ತಿ. ನನಗೆ ಎರಡೂ ಇದಾವೆ.

ಕೋಣಂದೂರಲ್ಲಿ ನನ್ನದೊಂದು ಪೈಪಿನ ಅಂಗಡಿ. ಅಂಗಡಿ ಎದುರು ನನ್ನ ದೊಡ್ಡ ಬಿಳಿ ಎಸ್‌ಯುವಿ. ಮನೆಯಲ್ಲಿ ಹೆಂಡತಿ, ಹೊಸನಗರದ ಕಡೆ ಅವಳಿಗೊಬ್ಬ ತಮ್ಮ. ಈ ಭಾಮೈದ ಚಿನ್ನದಂಥ ಹುಡುಗ, ಜಮೀನಿದೆ, ಚಟ ಒಂದೂ ಇಲ್ಲ. ಹೆಣ್ಣೂ ಇಲ್ಲ. ಕೃಷಿ ಅಂದ ಕೂಡ್ಲೆ ಹೆಣ್ಣಿನ ಕಡೆಯವರು ಫೋನ್ ಇಡ್ತಾರೆ. ಒಂದು ದಿನ ಅವನಿಗೇ ಜ್ಞಾನೋದಯ ಆಯ್ತು.

"ಭಾವ, ಅವರು ಮನುಷ್ಯನ್ನ ಆಮೇಲೆ ನೋಡ್ತಾರೆ. ಮೊದಲು ನೋಡೋದು ಅಂಗಳಕ್ಕೆ ಬಂದ ಕಾರು. ನಿಮ್ಮದು ಬೋಳು ಬೋಳಾಗಿದೆ. ಒಂದು ಕ್ಯಾರಿಯರ್ ಹಾಕ್ಸಣ."

ಬೋಳಾಗ್ತಾ ಇರೋದು ನಿನ್ನ ತಲೆ ಮಾರಾಯ ಅಂತ ಬಾಯಿ ತುದಿಗೆ ಬಂದಿತ್ತು. ಪಾಪ ಅನ್ನಿಸಿ ನುಂಗಿಕೊಂಡೆ.

ಆರಿಸಿದ್ದು

ಸಾಗರದ ಕ್ಯಾರಿಯರ್ ಅಂಗಡಿಯವರು ಮೊದಲು ಎರಡು ಅಡ್ಡಪಟ್ಟಿ ತೋರಿಸಿದರು. "ಹಗುರ, ಗಾಳಿ ಹೊಡೆಯಲ್ಲ, ಶಬ್ದ ಇಲ್ಲ. ಮನೆ ಬಳಕೆಗೆ ಇಷ್ಟು ಸಾಕು."

"ಇದೆಂತ ಮಾರಾಯ್ರೆ, ಬಟ್ಟೆ ಒಣಗ್ಸೋ ಗಳದ ಥರ ಇದೆ. ದೊಡ್ಡದು ತೋರ್ಸಿ" ಅಂದ ಭಾಮೈದ.

ಸುತ್ತ ಕಟಾಂಜನ, ಹಿಂದೆ ಹತ್ತೋಕೆ ಏಣಿ ಇರೋ ಕಬ್ಬಿಣದ್ದೊಂದು ತಂದರು. ಇವನ ಮುಖ ಅರಳಿತು. ಅಂಗಡಿಯವರಿಗೆ ಮಾತ್ರ ಅನುಮಾನ. "ಇದರ ಮೇಲೆ ಎಂತ ಲೋಡು ಹಾಕ್ತೀರಿ?"

"ಲೋಡು ಎಂತದೂ ಇಲ್ಲ. ಹೆಣ್ಣು ನೋಡೋಕೆ ಹೋಗೋದು."

ಅಂಗಡಿಯವರು ಕ್ಯಾರಿಯರನ್ನೊಮ್ಮೆ, ಇವನನ್ನೊಮ್ಮೆ ನೋಡಿದರು. "ಒಪ್ಪಿಗೆ ಆದ್ರೆ ಹುಡುಗಿನ ಒಳಗೇ ಕೂರ್ಸಿ ಸಾರ್. ಮೇಲೆ ಕಷ್ಟ."

ಮೇಳಿಗೆಯ ಪೋರ್ಚು

ಮೊದಲ ಸಂಬಂಧ ಮೇಳಿಗೆಯದ್ದು. ಹೊಸ ತಾರಸಿ ಮನೆ, ಎದುರಿಗೆ ಕಾರು ನಿಲ್ಲಿಸೋಕೆ ಪೋರ್ಚು. ಹುಡುಗಿಯ ತಂದೆ ಬಹಳ ಉಪಚಾರದ ಮನುಷ್ಯ. "ಬಿಸಿಲಲ್ಲಿ ಯಾಕೆ, ಒಳಗೇ ತನ್ನಿ. ಬನ್ನಿ, ಬನ್ನಿ, ಇನ್ನೂ ಬನ್ನಿ" ಅಂತ ಕೈ ಮಾಡಿದರು. ನಮ್ಮ ಕಾರು ಈಗ ಒಂದು ಮೊಳ ಬೆಳೆದಿದೆ ಅನ್ನೋದು ನನಗೆ ಮರೆತೇ ಹೋಗಿತ್ತು. ಕರ್ರ್ ಅಂತು. ಕ್ಯಾರಿಯರ್ ಪೋರ್ಚಿನ ಅಂಚಿಗೆ ಸಿಕ್ಕಿಕೊಂಡು, ಕಾರು ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ.

ಕಾರಿಗೆ ಭಾರ ಹಾಕಿದರೆ ಸ್ವಲ್ಪ ತಗ್ಗುತ್ತೆ ಅಂತ ನನ್ನ ಹೆಂಡತಿಯೇ ಉಪಾಯ ಹೇಳಿದಳು. ಸರಿ, ಹುಡುಗಿಯ ತಂದೆ, ತಾಯಿ, ಇಬ್ಬರು ಚಿಕ್ಕಪ್ಪಂದಿರು, ಒಬ್ಬಳು ಮಜಬೂತಾದ ಸೋದರತ್ತೆ, ಎಲ್ಲರೂ ಹತ್ತಿದರು. ಸಾಲಲಿಲ್ಲ. ಕಡೆಗೆ ಒಳಗಿನಿಂದ ಹುಡುಗಿಯನ್ನೂ ಕರೆಸಿ ಭಾಮೈದನ ಪಕ್ಕ ತುರುಕಿದ್ದಾಯ್ತು. ಹೆಣ್ಣು ನೋಡೋ ಶಾಸ್ತ್ರ ಅಲ್ಲೇ ಮುಗಿಯಿತು. ಆದರೆ ಆ ಇಕ್ಕಟ್ಟಿನಲ್ಲಿ ಇವನಿಗೆ ಕಂಡಿದ್ದು ಸೋದರತ್ತೆಯ ಮೊಣಕೈ ಮಾತ್ರ.

ಹಿಂದಕ್ಕೆ ತಗೊಂಡೆ, ಕಾರು ಬಿಡುಗಡೆಯಾಯ್ತು. ಎಲ್ಲರೂ ಇಳಿದರು. ನಾವೂ ಇಳಿಯೋಕೆ ಹೊರಟರೆ ಹುಡುಗಿಯ ತಂದೆ ಹೊರಗಿಂದ ಬಾಗಿಲು ಒತ್ತಿ ಹಿಡಿದುಕೊಂಡು ಹೇಳಿದರು:

"ಹೆಂಗೂ ಹೊರಗೆ ಬಂದಿದೆಯಲ್ಲ. ಹಂಗೇ ಹೊರಟುಬಿಡಿ."

ಹುಲಿಕಲ್ ಘಾಟಿಯ ನೆಂಟ

ಎರಡನೇ ಸಂಬಂಧ ಘಾಟಿ ಕೆಳಗಿನದು. ಬರಿಗೈಲಿ ಹೋಗಬಾರದು ಅಂತ ಹೆಂಡತಿ ಒಂದು ಹಣ್ಣಾದ ಬಾಳೆಗೊನೆಯನ್ನು ಕ್ಯಾರಿಯರಿಗೆ ಕಟ್ಟಿಸಿದಳು. ಹುಲಿಕಲ್ಲಿನಲ್ಲಿ ಘಾಟಿ ಇಳಿಯೋ ಮುಂಚೆ ಎಲ್ಲರೂ ಗಾಡಿ ನಿಲ್ಲಿಸಿ ಅಮ್ಮನವರಿಗೆ ಕೈ ಮುಗೀತಾರೆ. ನಾವೂ ಇಳಿದು ಭಕ್ತಿಯಿಂದ ಕಣ್ಣು ಮುಚ್ಚಿದೆವು. ಅಲ್ಲಿನ ಮಂಗಗಳು ಮಾತ್ರ ಕಣ್ಣು ಬಿಟ್ಟುಕೊಂಡೇ ಇದ್ದವು.

ಇಳಿಯುವಾಗ ತಲೆ ಮೇಲೆ ಧಡ್ ಧಡ್ ಶಬ್ದ. "ಗಾಳಿ ಭಾವ, ದೊಡ್ಡ ಕ್ಯಾರಿಯರಿಗೆ ಹಂಗೇ" ಅಂದ ಭಾಮೈದ. ಗಾಳಿಗೆ ಬಾಳೆಹಣ್ಣಿನ ಸಿಪ್ಪೆ ಗಾಜಿನ ಮೇಲೆ ಬೀಳುತ್ತಾ ಅಂತ ನಾನು ಕೇಳಬೇಕಿತ್ತು. ತಿರುವುಗಳ ಗಡಿಬಿಡಿ, ಕೇಳಲಿಲ್ಲ.

ಹುಡುಗಿ ಮನೆ ಅಂಗಳದಲ್ಲಿ ಇಳಿದು ನೋಡಿದರೆ ಗೊನೆಯಲ್ಲಿ ಬರೀ ದಿಂಡು. ಪಕ್ಕದಲ್ಲಿ ಹೊಟ್ಟೆ ತುಂಬಿದ ಒಂದು ಗಡವ ಮಂಗ, ಮದುಮಗನ ಗತ್ತಿನಲ್ಲಿ ಕೂತಿದೆ. ಸ್ವಾಗತಕ್ಕೆ ಬಂದ ಹುಡುಗಿಯ ಅಜ್ಜಿ ನಮ್ಮನ್ನು ಬಿಟ್ಟು ಅದಕ್ಕೇ ಕೈ ಮುಗಿದರು. ಆಮೇಲೆ ಮಗನ ಕಡೆ ತಿರುಗಿ ಮದುವೆ ಮಾತನ್ನು ಅಲ್ಲೇ ಮುಗಿಸಿದರು.

"ಹ್ವಾಯ್, ಬ್ರಹ್ಮಚಾರಿ ದೇವ್ರೇ ಗಂಡಿನೊಟ್ಟಿಗೆ ಬಂದಿರ್. ಇನ್ ಮದಿ ಮಾಡುಕ್ ಆತ್ತಾ?"

ಕಡೆಯದು

ಅಲ್ಲಿಂದ ಬಂದ ಮೇಲೆ ಭಾಮೈದ ಮಂಕಾದ. "ಸಾಗರದ್ದೊಂದು ನೋಡ್ತೀನಿ ಭಾವ. ಅದೂ ಆಗ್ಲಿಲ್ಲ ಅಂದ್ರೆ ಇನ್ನು ಯಾರ ಮನೆ ಮೆಟ್ಟಿಲೂ ಹತ್ತಲ್ಲ" ಅಂದ. ಅವನು ತಮಾಷೆಗೆ ಹೇಳಲಿಲ್ಲ.

"ಮೊದಲು ಆ ದರಿದ್ರ ಕ್ಯಾರಿಯರ್ ಕಿತ್ತು ಹಾಕಿ. ಅದು ಇದ್ರೆ ನಾನು ಕಾರು ಹತ್ತಲ್ಲ" ಅಂತ ಹೆಂಡತಿ ಅಬ್ಬರಿಸಿದಳು. ಸರಿ ಅಂತ ಪಾನಾ ತಗೊಂಡು ಬಂದರೆ ಅವಳೇ ತಡೆದಳು. "ಇವತ್ತು ಬೇಡ, ಹಪ್ಪಳ ಹಾಕಿದೀನಿ." ಕೋಳಿಗೆ ಎಟುಕಲ್ಲ, ನಾಯಿಗೆ ಎಟುಕಲ್ಲ, ಒಳ್ಳೇ ಬಿಸಿಲು ಬೀಳುತ್ತೆ ಅಂತ ಹಲಸಿನಕಾಯಿ ಹಪ್ಪಳ ಒಣಗಿಸೋಕೆ ಅವಳು ಆ ಜಾಗ ಹಿಡಿದಾಗಿತ್ತು.

ಸಾಗರಕ್ಕೆ ಹೊರಟ ದಿನವೂ ಬೆಳಿಗ್ಗೆ ಬೇಗ ಕ್ಯಾರಿಯರಿಗೆ ಹಳೇ ಸೀರೆ ಕಟ್ಟಿ ಹಪ್ಪಳ ಹರವಿದ್ದಳು. ಆಮೇಲೆ ಯಾವ ಸೀರೆ ಉಡೋದು ಅನ್ನೋ ಗಲಾಟೆಯಲ್ಲಿ ಹಪ್ಪಳ ಮರೆತಳು. ನನಗಂತೂ ಗೊತ್ತೇ ಇಲ್ಲ.

ರಿಪ್ಪನ್‌ಪೇಟೆ ದಾಟಿದ ಮೇಲೆ ಹಿಂದಿಂದ ಒಂದು ಸ್ಕೂಟರ್ ಹಾರನ್ ಹೊಡೆದೇ ಹೊಡೆಯಿತು. ಆನಂದಪುರದಲ್ಲಿ ಜನ ಕೈ ಬೀಸಿದರು. "ನೋಡಿ ಭಾವ, ಕ್ಯಾರಿಯರ್ ಗತ್ತು ಅಂದ್ರೆ ಇದು" ಅಂತ ಭಾಮೈದ ತಿರುಗಿ ಕೈ ಬೀಸಿದ.

ಸಾಗರದ ಅಂಗಳದಲ್ಲಿ ಇಳಿದು ನೋಡ್ತೀವಿ, ಕ್ಯಾರಿಯರ್ ಮೇಲೆ ಸೀರೆ ಪಟಪಟ ಅಂತಿದೆ, ಮೂಲೆಯಲ್ಲಿ ಒಂದಿಷ್ಟು ಹಪ್ಪಳ. ಹೆಂಡತಿ ಹಣೆ ಚಚ್ಚಿಕೊಂಡು, "ಯಾರೂ ಉಸಿರೆತ್ತಬೇಡಿ" ಅಂತ ಪಿಸುಗುಟ್ಟಿದಳು. ಒಳಗೆ ಹೋಗಿ ಸಭ್ಯರಾಗಿ ಕೂತೆವು. ಹುಡುಗಿ ರಿಪ್ಪನ್‌ಪೇಟೆಯಲ್ಲಿ ಟೀಚರ್, ರಜೆ ಹಾಕಿ ಬರ್ತಾ ಇದಾಳೆ, ಈಗ ಬಂದಳು ಅಂದರು.

ಬಂದಳು. ಸ್ಕೂಟರ್ ನಿಂತ ಸದ್ದು, ಅಂಗಳದಿಂದ ಸಿಟ್ಟಿನ ದನಿ. "ಅಪ್ಪಾ, ಈ ಕಾರಿನ ಪುಣ್ಯಾತ್ಮರು ಯಾರು? ಹಾರನ್ ಹೊಡೆದು ಹೊಡೆದು ಕೈ ಸೋತೋಯ್ತು. ದಾರಿ ಉದ್ದ ಹೆಕ್ಕಿಕೊಂಡು ಬಂದೆ!" ಬಾಗಿಲಲ್ಲಿ ಹುಡುಗಿ. ಕೈಯಲ್ಲಿ ಹೆಲ್ಮೆಟ್, ಹೆಲ್ಮೆಟ್ ತುಂಬಾ ಹಪ್ಪಳ.

ಮುಗೀತು ಅಂದುಕೊಂಡೆ. ಅವಳು ಭಾಮೈದನನ್ನೇ ನೋಡಿದಳು.

"ಕಾರು ನಿಮ್ದಾ?"

"ಅಲ್ಲ, ಭಾವಂದು."

"ಹಪ್ಪಳ?"

"ಅಕ್ಕಂದು."

"ಕ್ಯಾರಿಯರ್?"

ಬೇರೆ ಯಾರೇ ಆಗಿದ್ದರೂ ಅದನ್ನೂ ನನ್ನ ತಲೆಗೆ ಕಟ್ಟುತ್ತಿದ್ದರು. ನಮ್ಮ ಹುಡುಗ ಬೆವರು ಒರೆಸಿಕೊಂಡು, "ಅದು ಮಾತ್ರ ನಾನೇ ಆರಿಸಿದ್ದು. ನಿಮ್ಮನ್ನ ನೋಡೋಕೆ ಬರ್ಬೇಕಲ್ಲ ಅಂತ" ಅಂದ.

ಹುಡುಗಿಗೆ ನಗು ತಡೆಯಲಿಲ್ಲ. ನಕ್ಕೂ ನಕ್ಕೂ ಗೋಡೆಗೆ ಒರಗಿದಳು. "ಸುಳ್ಳು ಹೇಳೋಕೆ ಇಷ್ಟೂ ಬರದವ್ರು ಸಿಗಲ್ಲಪ್ಪ. ನಂಗೆ ಒಪ್ಪಿಗೆ" ಅಂತ ತಂದೆಗೆ ಹೇಳಿದಳು. ಭಾಮೈದನ ಕಣ್ಣಲ್ಲಿ ನೀರೇ ಬಂತು.

ಆಗ ಅಡುಗೆಮನೆಯಿಂದ ಹುಡುಗಿಯ ತಾಯಿ ತಲೆ ಹಾಕಿದರು. "ನಂದೊಂದು ಮಾತಿದೆ. ಆ ಕ್ಯಾರಿಯರ್ ಇಲ್ಲೇ ಇಳಿಸಿ ಹೋಗಿ. ಕೋಳಿ ಕಾಟಕ್ಕೆ ನಂಗೆ ಸಂಡಿಗೆ ಒಣಗ್ಸೋಕೆ ಜಾಗ ಇಲ್ಲ."

ಎಲ್ಲರೂ ವರದಕ್ಷಿಣೆ ತಗೊಂಡು ಮದುವೆಯಾದರೆ ನಮ್ಮ ಭಾಮೈದ ಕ್ಯಾರಿಯರ್ ಕೊಟ್ಟು ಮದುವೆಯಾದ. ಅದನ್ನ ಅಲ್ಲೇ ಬಿಚ್ಚಿಟ್ಟು ಬೋಳು ಕಾರಿನಲ್ಲಿ ವಾಪಸ್ ಹೊರಟೆವು. ಪೀಡೆ ತೊಲಗಿತು ಅಂತ ನಾನು ಸಿಳ್ಳೆ ಹಾಕುತ್ತಾ ಸ್ಟೀರಿಂಗ್ ತಿರುಗಿಸಿದೆ. ಪೇಟೆ ಬೀದಿಗೆ ಬಂದ ಕೂಡಲೇ ಹೆಂಡತಿ ನನ್ನ ತೋಳು ಹಿಡಿದಳು.

"ಏನ್ರೀ, ಆ ಕ್ಯಾರಿಯರ್ ಅಂಗಡಿ ಬಾಗಿಲು ಹಾಕಿರಲ್ಲ ಅಲ್ವಾ? ಸ್ವಲ್ಪ ನಿಲ್ಸಿ. ಮನೇಲಿ ಇನ್ನೂ ಎಷ್ಟು ಹಲಸಿನಕಾಯಿ ಇದಾವೆ ಗೊತ್ತಾ?"