ಕೆಳನಾಡಿನ ಪರವಾಗಿ ನಾಗರತ್ನ

ಪಾಠ ಮಾಡಿದ್ದು ಹುಡುಗರಿಗೆ ಅರ್ಥವಾಗಲಿಲ್ಲ ಎಂದು ಕೊರಗುವ ಮೇಷ್ಟ್ರುಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅರ್ಥವಾಗಿಬಿಟ್ಟರೆ ಏನಾಗುತ್ತದೆ ಎಂಬುದು ಆ ಪುಣ್ಯವಂತರಿಗೆ ಗೊತ್ತಿಲ್ಲ. ತೊಂಬತ್ತರ ದಶಕದಲ್ಲಿ ಪಾಂಡವಪುರದ ಒಂದು ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಹೇಳುತ್ತಿದ್ದೆ. ಅಂತರರಾಷ್ಟ್ರೀಯ ಸಂಬಂಧ ನನ್ನ ಮೆಚ್ಚಿನ ವಿಷಯ. ನಾನು ದಾಟಿದ್ದ ಗಡಿ ಮಾತ್ರ ಊಟಿಯ ದಾರಿಯದೊಂದೇ, ಅದೂ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡಿಕೊಳ್ಳುತ್ತಾ. "ಪಕ್ಕದ ಮನೆಯವರ ಜೊತೆ ಚರಂಡಿ ವಿಷಯಕ್ಕೆ ಮಾತು ಬಿಟ್ಟಿದ್ದೀರಿ, ಕಾಲೇಜಲ್ಲಿ ಅಮೆರಿಕ ರಷ್ಯಾಗೆ ರಾಜಿ ಮಾಡಿಸ್ತೀರಿ" ಎಂದು ನನ್ನ ಹೆಂಡತಿ ಒಗ್ಗರಣೆ ಹಾಕುವಾಗಲೆಲ್ಲ ಹೇಳುವಳು. ಸಾಸಿವೆ ಸಿಡಿಯುವ ಸದ್ದಿನಲ್ಲಿ ಏನೂ ಕೇಳಿಸಲಿಲ್ಲವೆಂಬಂತೆ ನಾನು ಪತ್ರಿಕೆ ಮಗುಚುವೆ.

ಒಂದು ದಿನ ಪ್ರಿನ್ಸಿಪಾಲರು ಕರೆಸಿದರು. ಸುತ್ತಲ ತಾಲೂಕುಗಳ ಕಾಲೇಜುಗಳೆಲ್ಲ ಸೇರಿ ನಮ್ಮಲ್ಲಿ ಅಣಕು ವಿಶ್ವಸಂಸ್ಥೆ, ಅಂದರೆ ಹುಡುಗರೇ ಒಂದೊಂದು ದೇಶದ ಪ್ರತಿನಿಧಿಗಳಾಗಿ ವಾದಿಸುವ ಸಭೆ, ನಡೆಸಬೇಕಂತೆ. ಹುಡುಗರು ಕಲ್ಲು ಎತ್ತಿಕೊಳ್ಳದೆ ಬೇಡಿಕೆ ಇಡುವುದನ್ನು, ಎದುರಾಳಿಯ ಮಾತು ಕೇಳುವುದನ್ನು ಕಲಿಯಬೇಕಂತೆ. ತಯಾರಿ ನನ್ನ ತಲೆಗೆ. "ಮಕ್ಕಳಿಗೆ ಪರಿಚಯದ ವಿಷಯ ಆರಿಸ್ರೀ" ಎಂದರು. ನಾನು ಜಾಣತನ ತೋರಿಸಲು ಹೋಗಿ, ಒಂದೇ ನದಿಯ ನೀರಿಗೆ ಜಗಳವಾಡುವ ಎರಡು ದೇಶಗಳನ್ನು ಹುಟ್ಟಿಸಿದೆ. ಮೇಲುನಾಡು, ಕೆಳನಾಡು. ಜಿಲ್ಲೆಯಲ್ಲಿ ಕಾವೇರಿ ವಿಷಯ ಕಾವೇರಿದ್ದ ಕಾಲ ಅದು. ಹೆಸರು ಬದಲಿಸಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ನಂಬಿದ್ದ ನನ್ನ ಬುದ್ಧಿಗೆ ಏನೆನ್ನಬೇಕೋ!

ಚೀಟಿ ಎತ್ತಿದೆವು. ಕೆ.ಆರ್. ಪೇಟೆಯ ಹುಡುಗರಿಗೆ ಮೇಲುನಾಡು ಬಂತು. ನಾಗಮಂಗಲದವರು, "ನಮ್ಗೆ ಯಾವ ನಾಲೇನೂ ಇಲ್ಲ ಸಾರ್, ನಾವು ಮೋಡ ನೋಡ್ಕೊಂಡಿರೋ ದೇಶ" ಎಂದು ವೀಕ್ಷಕರಾದರು. ಕೆಳನಾಡು ನಮ್ಮ ಪಾಲಿಗೇ ಬಂತು. ನಮ್ಮ ತರಗತಿಯಲ್ಲಿ ಒಬ್ಬನೂ ಕೈ ಎತ್ತಲಿಲ್ಲ. ಕೊನೆಗೆ ಎದ್ದವಳು ನಾಗರತ್ನ. ತೊಣ್ಣೂರಿನ ಕಡೆಯ ಹುಡುಗಿ, ಮಾತು ಕಡಿಮೆ. ಅವಳ ಅಪ್ಪ ಚಿಕ್ಕೇಗೌಡರದು ನಾಲೆಯ ತೂಬಿನ ಪಕ್ಕದ ಗದ್ದೆ. ತೂಬು ಎತ್ತಿದರೆ ಮೊದಲ ನೀರು ಅವರಿಗೇ. "ನಾನು ಮಾಡ್ತೀನಿ ಸಾರ್. ಆದ್ರೆ ನಮ್ಮಪ್ಪಂಗೆ ಗೊತ್ತಾದ್ರೆ ಕಾಲೇಜು ಬುಡಿಸಿ ಮದ್ವೆ ಮಾಡ್ಬುಡ್ತಾರೆ" ಎಂದಳು.

ಗೊತ್ತಾಗದೆ ಇರುತ್ತದೆಯೇ? ಕಾರ್ಯಕ್ರಮದ ದಿನ ಬೆಳಿಗ್ಗೆ ಡೇರಿಗೆ ಹಾಲು ಹಾಕಿದ ಚಿಕ್ಕೇಗೌಡರು ಖಾಲಿ ಕ್ಯಾನು ಸಮೇತ ನಮ್ಮ ಮನೆ ಬಾಗಿಲಿಗೇ ಬಂದರು.

"ಮೇಷ್ಟ್ರೇ, ನಮ್ಮುಡ್ಗಿ ಕೈಲಿ ಕೆಳಗ್ಲೋರ್ಗೆ ನೀರು ಬುಡಿ ಅಂತ ಭಾಷ್ಣ ಮಾಡಿಸ್ತಾ ಇದ್ದೀರಂತೆ?"

"ಅದು ಅಣಕು, ಗೌಡ್ರೇ. ನಿಜವಾದ ದೇಶ ಅಲ್ಲ."

"ನೀರು ನಿಜ್ವಾದ್ದೇ ತಾನೇ?"

ನಾನು ಒಳಗೆ ತಿರುಗಿ ಕಾಫಿ ತರಲು ಕೂಗಿದೆ. "ನಾನೂ ಬತ್ತೀನಿ, ನಮ್ಮೂರೋರೂ ಬತ್ತಾರೆ. ಅದೇನ್ ಮಾತಾಡ್ತಾಳೋ ನೋಡೇಬುಡಾನ" ಎಂದು ಕ್ಯಾನನ್ನು ಸೈಕಲ್ಲಿಗೆ ತಗುಲಿಸಿ ಹೊರಟರು.

ಮಧ್ಯಾಹ್ನದ ಹೊತ್ತಿಗೆ ಸಭಾಂಗಣದ ಹಿಂದಿನ ಅರ್ಧ ರೈತರಿಂದ ತುಂಬಿತ್ತು. ತೂಬಿನ ಕಡೆಯವರಷ್ಟೇ ಅಲ್ಲ, ಸುದ್ದಿ ಕೇಳಿ ನಾಲೆಯ ಕೊನೆಯ ಊರುಗಳವರೂ ಬಂದಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಗಲಾಟೆ ಮಾಡುವ ಜನಕ್ಕಿಂತ ಸುಮ್ಮನೆ ಟವೆಲ್ಲಿನಲ್ಲಿ ಕತ್ತು ಒರೆಸಿಕೊಳ್ಳುವ ಜನ ಹೆಚ್ಚು ಭಯಂಕರ. ಪ್ರಿನ್ಸಿಪಾಲರು ನನ್ನ ಕಿವಿಯಲ್ಲಿ, "ವಿಷಯ ಬದಲಾಯಿಸ್ರೀ, ವರದಕ್ಷಿಣೆ ಇಟ್ಕೊಳ್ಳಿ" ಎಂದರು. ನಾನು ಓಡಿಹೋಗಿ ನಾಗರತ್ನಳಿಗೆ, "ಬೇಡಮ್ಮ, ಮೈಗೆ ಹುಷಾರಿಲ್ಲ ಅಂತ ಹೇಳಿಬಿಡು" ಎಂದೆ. "ಎದುರಿನವರ ಜಾಗದಲ್ಲಿ ನಿಂತು ನೋಡಿ ಅಂತ ನೀವೇ ಹೇಳ್ಕೊಟ್ರಿ ಸಾರ್. ಈಗ ನಿಂತಿದ್ದೀನಿ, ಇಳಿ ಅಂದ್ರೆ ಎಂಗೆ?" ಎಂದಳು. ಪಾಠ ಅರ್ಥವಾಗುವುದು ಎಂದರೆ ಇದೇ.

ಅಧ್ಯಕ್ಷ ಪೀಠದಲ್ಲಿ ಅಫ್ಸರ್ ಎಂಬ ವಿದ್ಯಾರ್ಥಿ. ಶ್ರೀರಂಗಪಟ್ಟಣದ ಜಟಕಾ ಸಾಹೇಬರ ಮಗ. ಪ್ರವಾಸಿಗರನ್ನು ಕೂಗಿ ಕರೆದು ಪಳಗಿದ ಗಂಟಲು, ಮೈಕು ಬೇಡ. ಮೇಲುನಾಡು ಮಾತಾಡಿತು, ಚಪ್ಪಾಳೆ ಬಿತ್ತು. ಆಮೇಲೆ ನಾಗರತ್ನ ಎದ್ದಳು.

"ಮಾನ್ಯ ಅಧ್ಯಕ್ಷರೇ, ನಮ್ಮ ನಾಡಿಗೆ ನೀರು ಬರುತ್ತೆ ಅಂತ ಕಾಗದದಲ್ಲಿದೆ. ನಾವು ಒಟ್ಲು ಹಾಕಿ, ಸಸಿ ಮಾಡ್ಕೊಂಡು ಕಾಯ್ತೀವಿ. ಪೈರು ಕೆಂಪಗಾಗುತ್ತೆ. ಮೇಲಿನವರ ಗದ್ದೆ ತುಂಬಿ ಹಳ್ಳಕ್ಕೆ ಹರಿಯೋ ಸದ್ದು ನಮಗೆ ಕೇಳಿಸುತ್ತೆ. ನಾವು ಅವರ ಪಾಲು ಕೇಳ್ತಿಲ್ಲ. ಹಳ್ಳಕ್ಕೆ ಹೋಗೋದನ್ನ ಕೇಳ್ತಿದ್ದೀವಿ."

ಹಿಂದಿನಿಂದ ಒಬ್ಬ ಎದ್ದ. ಮುಗಿಯಿತು ಎಂದುಕೊಂಡೆ.

"ಈ ಮಗ ಹೇಳೋದು ಸತ್ಯ ಕಣ್ರಪ್ಪೋ!" ಎಂದು ಆತ ಕೂಗಿದ. ನಾಲೆಯ ಕೊನೆಯ ಊರಿನವನು. "ನಮ್ ಗದ್ದೆ ಕತೆ ಇವ್ಳಿಗೆಂಗೆ ಗೊತ್ತಾಯ್ತು? ಲೇ ಚಿಕ್ಕೇಗೌಡ, ನಿನ್ ಗದ್ದೆ ನೀರು ಹಳ್ಳಕ್ಕೆ ಹೋಯ್ತದೋ ಇಲ್ವೋ ಹೇಳ್ಲಾ!"

ಚಿಕ್ಕೇಗೌಡರು ದಿಗ್ಗನೆ ಎದ್ದರು. "ನೀನ್ ಯಾವನ್ಲಾ ಕೇಳಕ್ಕೆ?" ಕುರ್ಚಿಗಳು ಉರುಳಿದವು. ಟವೆಲ್ಲುಗಳು ಹೆಗಲಿನಿಂದ ಸೊಂಟಕ್ಕೆ ಬಂದವು. ಎರಡು ದೇಶಗಳೂ ಮರೆತುಹೋಗಿ ಒಂದೇ ನಾಲೆಯ ಎರಡು ತುದಿಗಳು ಎದುರುಬದುರು ನಿಂತವು. ಮೇಲುನಾಡಿನ ಪ್ರತಿನಿಧಿಗಳು ಮೇಜಿನ ಕೆಳಗೆ ಆಶ್ರಯ ಪಡೆದರು.

ಆಗ ಅಫ್ಸರ್ ಮೇಜು ಗುದ್ದಿದ. "ಮಾನ್ಯ ಸದಸ್ಯರು ಕೂತ್ಕೋಬೇಕು! ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರು! ಚಿಕ್ಕೇಗೌಡ್ರಿಗೆ ಸಭೆ ಅವಕಾಶ ಕೊಡುತ್ತೆ!" ಆ ಗಂಟಲಿಗೆ ಹೆದರಿಯೋ, 'ಮಾನ್ಯ' ಎಂದು ಯಾರೂ ಇದುವರೆಗೆ ಕರೆದಿರಲಿಲ್ಲವೆಂದೋ, ಅವರೆಲ್ಲ ಕೂತರು. ಚಿಕ್ಕೇಗೌಡರೊಬ್ಬರೇ ನಿಂತಿದ್ದರು. ವೇದಿಕೆಯ ಮೇಲಿನ ಮಗಳನ್ನು ತುಂಬ ಹೊತ್ತು ನೋಡಿದರು. ಅವಳು ಕಣ್ಣು ಕೆಳಗಿಳಿಸಲಿಲ್ಲ.

"ಹೋಯ್ತದೆ," ಎಂದರು ಕೊನೆಗೆ. "ಹಳ್ಳಕ್ಕೆ ಹೋಯ್ತದೆ. ಮಧ್ಯದ ಕಾಲ್ವೆ ಏರಿ ಒಡ್ದೋಗದೆ. ನಾನೊಬ್ನೇ ಕಟ್ಟಕ್ಕಾಯ್ತದಾ?"

"ನಾವೂ ಬತ್ತೀವಿ ಬುಡು," ಎಂದ ಕೊನೆಯ ಊರಿನವನು. "ಮಣ್ಣು ಹೊತ್ತಾಕಾನ."

ಆ ವಾರವೇ ಎರಡೂ ಕಡೆಯವರು ಸೇರಿ ಏರಿ ಕಟ್ಟಿದರು. ತೂಬನ್ನೂ ಸರಿಪಡಿಸಿಕೊಡಿ ಎಂದು ಕೇಳಲು ನೀರಾವರಿ ಕಚೇರಿಗೆ ಹೋದ ಗುಂಪಿನ ಮುಂದೆ ನಾಗರತ್ನ ಇದ್ದಳು. ಜೊತೆಗೆ ಅವಳ ಅಪ್ಪ. ಮದುವೆಯ ಮಾತು ಡಿಗ್ರಿ ಮುಗಿಯುವವರೆಗೆ ಎತ್ತಲಿಲ್ಲ.

ಅಂದು ಸಭೆ ಮುಗಿದ ಮೇಲೆ ಕಾಫಿ ಕುಡಿಯುತ್ತಾ ಚಿಕ್ಕೇಗೌಡರು ನನ್ನ ಬಳಿ ಬಂದರು. "ಎಲ್ರೂ ಒಂದೊಂದು ದೇಶ ಆಗಿದ್ರಲ್ಲ, ನೀವು ಯಾವ್ದು ಮೇಷ್ಟ್ರೇ?"

"ನಾನು ಅಲಿಪ್ತ ರಾಷ್ಟ್ರ ಗೌಡ್ರೇ. ಯಾವ ಕಡೆಗೂ ಸೇರಿದವನಲ್ಲ," ಎಂದು ಗಂಭೀರವಾಗಿ ಹೇಳಿದೆ.

"ಓ, ಅದಕ್ಕೇಯಾ," ಎಂದು ಅವರು ತಲೆಯಾಡಿಸಿದರು. "ಗಲಾಟೆ ಟೇಮಲ್ಲಿ ಚಪ್ಪಲಿ ಕೈಲಿಡ್ಕೊಂಡು ಹಿಂದ್ಲ ಬಾಗ್ಲತ್ರ ನಿಂತಿದ್ರಿ."