ನಮ್ಮ ಭಾವನವರ ಬಂಗಲೆ ರಿಪೇರಿ

ಇಲ್ಲದ ಗೋಡೆಗೆ ಹಣೆ ಬಡಿದುಕೊಂಡು, ನೋವಾಯಿತೆಂದು ಉಜ್ಜಿಕೊಂಡವರನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನಮ್ಮ ಭಾವ. ನನ್ನ ಒಬ್ಬಳೇ ಅಕ್ಕನ ಗಂಡ. ಬುದ್ಧಿಗೇನೂ ಆಗಿಲ್ಲ, ಚೆನ್ನಾಗಿಯೇ ಇದೆ. ಈ ವಯಸ್ಸಿನಲ್ಲೂ ಬಿಪಿ ಇಲ್ಲ, ಶುಗರ್ ಇಲ್ಲ. ಅವೆಲ್ಲ ಬರುವುದು ಅವರ ಜೊತೆಯಲ್ಲಿ ಇರುವವರಿಗೆ!

ಯಶವಂತಪುರದ ಹಿಂಭಾಗದ ಹಳೆಯ ಬಡಾವಣೆಯೊಂದರಲ್ಲಿ ಭಾವನ ತಂದೆ ಕಟ್ಟಿಸಿದ ಬಂಗಲೆ ಇದೆ. ಮುಂದೆ ಕಂಬದ ವರಾಂಡ, ಮೇಲೆ ಮದ್ರಾಸ್ ತಾರಸಿ, ಕೆಳಗೆ ಕೆಂಪು ಗಾರೆ ನೆಲ. ಬಚ್ಚಲು ಮಾತ್ರ ಹಿತ್ತಲಿನ ಕೊನೆಯಲ್ಲಿ. ತಾರಸಿ ಸೋರತೊಡಗಿತು, ಅಕ್ಕನ ಮಂಡಿ ಹಿತ್ತಲಿನವರೆಗೆ ನಡೆಯಲು ಒಲ್ಲೆ ಎಂದಿತು. ರಿಪೇರಿ ಮಾಡಿಸದೆ ಬೇರೆ ದಾರಿಯಿರಲಿಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರಲ್ಲ ನಮ್ಮ ಹಿರಿಯರು, ಹಳೇ ಮನೆ ಒಡೆದು ನೋಡು ಎಂದು ಯಾಕೆ ಸೇರಿಸಲಿಲ್ಲವೋ! ಅವರಿಗೆ ನಮ್ಮ ಭಾವನಂಥವರ ಪರಿಚಯ ಇದ್ದಿರಲಾರದು.

ಅದೇ ಹೊತ್ತಿಗೆ ನನ್ನ ಗ್ರಹಚಾರವೂ ಕೆಟ್ಟಿತು. ಆರ್.ಟಿ. ನಗರದಲ್ಲಿ ನಾನಿದ್ದ ಮಹಡಿ ಮನೆಯನ್ನು ಓನರ್ ಮಕ್ಕಳು ಕೆಡವಿ ಫ್ಲ್ಯಾಟು ಕಟ್ಟಿಸಲು ಹೊರಟರು. ನಾನು ಮದುವೆಯ ಗೊಡವೆಗೆ ಹೋಗದೆ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವಳು. ಈ ವಯಸ್ಸಿನ ಒಂಟಿ ಹೆಂಗಸಿಗೆ ಬೆಂಗಳೂರಿನಲ್ಲಿ ಮನೆ ಹುಡುಕುವುದೆಂದರೆ ಏನು ಸಾಮಾನ್ಯವೇ? ಬಾಗಿಲು ತೆರೆದ ಕೂಡಲೇ 'ಒಬ್ಬರೇನಾ?' ಎನ್ನುತ್ತಾರೆ. ಹುಷಾರು ತಪ್ಪಿದರೆ ಆಸ್ಪತ್ರೆಗೆ ಸೇರಿಸುವ ಪಾಡು ತಮ್ಮದಾದೀತೆಂಬ ಭಯ ಮುಖದಲ್ಲೇ ಕಾಣುತ್ತದೆ. ನನಗೂ ಒಳಗೊಳಗೇ ಭಯವಿತ್ತು, ಸುಳ್ಳು ಯಾಕೆ ಹೇಳಲಿ. ಆದರೂ ಅಕ್ಕನ ಮನೆಗೆ ಪೆಟ್ಟಿಗೆ ಸಾಗಿಸಿದ ದಿನವೇ ವರಾಂಡದಲ್ಲಿ ನಿಂತು ಘೋಷಿಸಿದೆ.

"ನೋಡಿ ಭಾವ, ಬೇರೆ ಮನೆ ಸಿಗೋವರೆಗೆ ಮಾತ್ರ. ಅಕ್ಕನ ಮನೇಲಿ ಬಿದ್ದಿದಾಳೆ ಅಂತ ಯಾರ ಕೈಲೂ ಅನ್ನಿಸ್ಕೊಳಲ್ಲ ನಾನು."

"ಆ ಟೇಪಿನ ತುದಿ ಸ್ವಲ್ಪ ಹಿಡ್ಕೊಮ್ಮ" ಎಂದರು ಭಾವ. ಅವರು ವರಾಂಡ ಅಳೆಯುತ್ತಿದ್ದರು. ನನ್ನ ಸ್ವಾಭಿಮಾನದ ಭಾಷಣಕ್ಕೆ ಸಿಕ್ಕ ಮರ್ಯಾದೆ ಅಷ್ಟೇ.

ಭಾವ ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರ ಡ್ರಾಯಿಂಗ್ ಸೆಕ್ಷನ್ನಿನಲ್ಲಿದ್ದವರು. ಜೀವಮಾನವೆಲ್ಲ ನಕ್ಷೆ ಬರೆದ ಈ ಮನುಷ್ಯನಿಗೆ ನಕ್ಷೆಯ ಮೇಲೆ ಕಾಸಿನಷ್ಟೂ ನಂಬಿಕೆಯಿಲ್ಲ. ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಕೂರುತ್ತದಂತೆ, ಕಬ್ಬಿಣದಲ್ಲಿ ಮಾಡಿದ ಮೇಲೆ ಕೂರುವುದಿಲ್ಲವಂತೆ. ಹಾಗಾಗಿ ಮೇಸ್ತ್ರಿಯಿಂದ ಒಂದು ಮೂಟೆ ಸುಣ್ಣದ ಪುಡಿ ತರಿಸಿ, ಮನೆ ಪಕ್ಕದ ಖಾಲಿ ಅಂಗಳದಲ್ಲಿ, ಮುಂದೆ ಆಗಲಿರುವ ಮನೆಯ ಗೆರೆಗಳನ್ನು ನಿಜವಾದ ಅಳತೆಯಲ್ಲೇ ಎಳೆದರು. ಹಾಲ್, ಅಡುಗೆಮನೆ, ಮಲಗುವ ರೂಮು, ಬಚ್ಚಲು. ಬಾಗಿಲು ಬರುವ ಕಡೆ ಗೆರೆ ಇಲ್ಲ. ಆಮೇಲೆ ನಮ್ಮಿಬ್ಬರನ್ನೂ ಕರೆದು, ದಿನಾ ಸಾಯಂಕಾಲ ಇದರೊಳಗೆ ಸಂಸಾರ ಮಾಡಿ ನೋಡಬೇಕು ಎಂದರು!

ಮೊದಲನೆಯ ದಿನ ನಾನು ಕಾಫಿ ಲೋಟ ಹಿಡಿದು ನೇರವಾಗಿ ಅವರ ಕುರ್ಚಿಯತ್ತ ನಡೆದೆ.

"ಗೋಡೆ ಕಣಮ್ಮ ಅದು. ಹೋಗಿ ಬಾಗ್ಲಿಂದ ಬಾ."

ಹೋದೆನಲ್ಲ! ಸುತ್ತಿ ಬಳಸಿ ಬಾಗಿಲಿನಿಂದ ಬಂದೆನಲ್ಲ! ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ನೋಡಿದ್ದರೆ ಏನು ಗತಿ? ಇನ್ನೊಂದು ದಿನ ಪಕ್ಕದ ಮನೆಯವರು ಸಮಾಚಾರ ಕೇಳಲು ಬಂದು, ಕುರ್ಚಿ ಎಳೆದುಕೊಂಡು ಕೂತರು. ಭಾವ ಚಡಪಡಿಸಿದರು, ಕೆಮ್ಮಿದರು, ಕೊನೆಗೆ ತಡೆಯಲಾರದೆ, ತಪ್ಪು ತಿಳಿಯಬೇಡಿ, ನೀವು ಕೂತಿರುವುದು ಬಚ್ಚಲಿನಲ್ಲಿ ಎಂದರು. ಆ ಪುಣ್ಯಾತ್ಮರು ಅಂದಿನಿಂದ ಕಾಂಪೌಂಡಿನ ಆಚೆಯೇ ನಿಂತು ಮಾತಾಡುತ್ತಾರೆ.

ಹಣೆಯ ಪ್ರಸಂಗ ನಡೆದದ್ದೂ ಅಲ್ಲೇ. ಹಳೇ ಮನೆಯೊಳಗೆ ಫೋನ್ ಬಡಿದುಕೊಳ್ಳುತ್ತಿತ್ತು. ಭಾವ ಅವಸರದಲ್ಲಿ ನೇರ ನುಗ್ಗಿದರು, ಸುಣ್ಣದ ಗೆರೆಯ ಮೇಲೆ ಕಾಲಿಟ್ಟವರು ಗಕ್ಕನೆ ನಿಂತರು, ಹಣೆ ಉಜ್ಜಿಕೊಂಡರು, ಹಿಂದಿರುಗಿ ಬಾಗಿಲಿನಿಂದ ಸುತ್ತಿ ಹೋದರು. ಅಷ್ಟರಲ್ಲಿ ಫೋನ್ ನಿಂತಿತ್ತು.

ಆಮೇಲೆ ಒಂದು ಸಂಜೆ ದಪ್ಪ ಹನಿಯ ಮಳೆ ಬಂದು ಅಂಗಳವನ್ನೆಲ್ಲ ತೊಳೆದುಬಿಟ್ಟಿತು. ಅಕ್ಕ ಬೇಸರದಲ್ಲಿ ಮೈಸೂರಿನ ಚಿಕ್ಕಮ್ಮನಿಗೆ ಫೋನ್ ಮಾಡಿ, ಇಷ್ಟು ದಿನ ಪಟ್ಟ ಪಾಡೆಲ್ಲ ವ್ಯರ್ಥ, ಮನೆ ಮಳೆಯಲ್ಲಿ ಕೊಚ್ಚಿಕೊಂಡು ಹೋಯಿತು ಎಂದಳು. ಪಾಪ, ಚಿಕ್ಕಮ್ಮ ಮಾರನೆಯ ದಿನ ಕಂಬಳಿ, ಚಟ್ನಿಪುಡಿ ಡಬ್ಬ ಹಿಡಿದು ಬಸ್ಸಿಳಿದರು.

ಮಳೆ ನಿಂತ ಮೇಲೆ ಭಾವ ಮತ್ತೆ ಗೆರೆ ಎಳೆದರು. ಈ ಸಲ ಅಡುಗೆಮನೆ ಕುಗ್ಗಿತ್ತು. ಹಿಂದುಗಡೆ ಹೊಸದಾಗಿ ಒಂದು ರೂಮು, ಒಂದು ಪುಟ್ಟ ಅಡುಗೆಮನೆ, ಒಂದು ಬಚ್ಚಲು, ಪಕ್ಕದ ಓಣಿಗೆ ತೆರೆಯುವ ಬೇರೆಯೇ ಬಾಗಿಲು ಹುಟ್ಟಿಕೊಂಡಿದ್ದವು.

"ಇದೇನ್ರೀ ಇದು?" ಎಂದಳು ಅಕ್ಕ.

"ಪೋರ್ಷನ್. ಬಾಡಿಗೆಗೆ."

ಅಕ್ಕ ಕೆಂಡವಾದಳು. ಇಬ್ಬರು ಒಟ್ಟಿಗೆ ನಿಂತರೆ ಮೊಣಕೈ ತಾಗದಂಥ ಅಡುಗೆಮನೆ ಬೇಕೆಂಬುದು ಮದುವೆಯಾದಾಗಿನಿಂದ ಅವಳಿಗಿದ್ದ ಒಂದೇ ಆಸೆ. ನಾನೂ ಅವಳ ಪಕ್ಷ ವಹಿಸಿ ಟೊಂಕ ಕಟ್ಟಿ ನಿಂತೆ. ಪೆನ್ಷನ್ ಬರುವ ಮನುಷ್ಯನಿಗೆ ಬಾಡಿಗೆಯ ಆಸೆ ಯಾಕೆ? ಬಾಡಿಗೆದಾರರೆಂದರೆ ಏನು ಸುಲಭವೇ? ನಲ್ಲಿ ಸೋರುತ್ತದೆ ಎನ್ನುತ್ತಾರೆ, ಬಲ್ಬು ಹೋಯಿತು ಎನ್ನುತ್ತಾರೆ, ಗೋಡೆಗೆಲ್ಲ ಮೊಳೆ ಹೊಡೆಯುತ್ತಾರೆ. ಅವರ ಬುದ್ಧಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಯುಷ್ಯವೆಲ್ಲ ಬಾಡಿಗೆದಾರಳಾಗಿದ್ದವಳು ನಾನೇ! ಇಷ್ಟೆಲ್ಲ ಹೇಳಿದರೂ ಭಾವ, ಒಳ್ಳೆಯವರು ಸಿಗುತ್ತಾರೆ ಬಿಡು ಎಂದು ಗೆರೆಯ ಮೇಲೆ ಇನ್ನೊಂದು ಹಿಡಿ ಸುಣ್ಣ ಉದುರಿಸಿದರು. ವಾಸ್ತು ನೋಡುವ ದೂರದ ನೆಂಟರೊಬ್ಬರು ಬಂದು ಆ ದಿಕ್ಕಿಗೆ ಬಾಗಿಲು ಕೂಡದು ಎಂದರು. ಅವರಿಗೆ ಕಾಫಿ ಕೊಟ್ಟು ಕಳಿಸಿದರೇ ಹೊರತು ಬಾಗಿಲನ್ನು ಒಂದು ಬೆರಳಿನಷ್ಟೂ ಸರಿಸಲಿಲ್ಲ.

ನಿಜವಾಗಿ ಒಡೆಯಲು ಶುರು ಮಾಡಿದಾಗ ಮನೆಯೇ ನಮ್ಮ ಪಕ್ಷಕ್ಕೆ ಬಂತು. ಪೋರ್ಷನ್ನಿಗಾಗಿ ತೆಗೆಯಬೇಕಾದ ಗೋಡೆಯ ಗಾರೆ ಕೆರೆದರೆ, ಒಳಗೆ ಬರೀ ಮಣ್ಣಿನಲ್ಲಿ ಕಟ್ಟಿದ ಇಟ್ಟಿಗೆ. ಅದರ ಮೇಲೆ ಕೂತ ತೊಲೆಯ ತುದಿಯನ್ನು ಗೆದ್ದಲು ತಿಂದು ಹಾಕಿತ್ತು. ಮೇಸ್ತ್ರಿ ಹೆಬ್ಬಾಳದಾಚೆಯ ಹಳ್ಳಿಯವರು, ಭಾವನ ವಯಸ್ಸಿನವರೇ. ತಲೆಯ ಮೇಲೆ ಕೈಹೊತ್ತು ಕೂತರು.

"ಇಂಗೇ ಒಡುದ್ರೆ ತಾರ್ಸಿ ಕೆಳಿಕ್ ಬತ್ತದೆ ಸಾ. ಆ ಪೋರ್ಸನ್ ಆಸೆ ಬುಟ್ಬುಡಿ."

ಬಿಟ್ಟರೆ ಅವರು ನಮ್ಮ ಭಾವ ಹೇಗಾದಾರು? ತೊಲೆಯ ಜಾಗಕ್ಕೆ ಕಬ್ಬಿಣದ ಬೀಮು ಬರಲಿ ಎಂದರು. ಅದು ಬರುವವರೆಗೆ ತಾರಸಿಗೆ ಆನಿಕೆಯಾಗಿ ಮನೆ ತುಂಬ ಕಬ್ಬಿಣದ ಜಾಕಿಗಳು ನಿಂತವು. ಒಲೆ ವರಾಂಡಕ್ಕೆ ಬಂತು, ಅಲ್ಲೂ ಜಾಕಿಗಳು. ಅಕ್ಕ ದೋಸೆ ಮಗುಚಲು ಎಡಕ್ಕೆ ವಾಲಿದರೆ ಒಂದು ಜಾಕಿ, ಬಲಕ್ಕೆ ವಾಲಿದರೆ ಇನ್ನೊಂದು. ದೋಸೆಗೆ ಸಿಮೆಂಟಿನ ವಾಸನೆ, ಸ್ನಾನದ ನೀರಿಗೆ ಸಿಮೆಂಟಿನ ವಾಸನೆ, ಕೊನೆಗೆ ದೇವರ ತೀರ್ಥಕ್ಕೂ ಸಿಮೆಂಟಿನ ವಾಸನೆ! ಹೀಗಿರುವಾಗ ಅಕ್ಕ ಒಂದು ದಿನ ಇದ್ದಕ್ಕಿದ್ದಂತೆ ಅಡುಗೆಮನೆಯ ಜಗಳ ನಿಲ್ಲಿಸಿಬಿಟ್ಟಳು. ಜೀವ ಸೋತಿದೆ ಪಾಪ ಎಂದುಕೊಂಡೆ. ಹೋರಾಟವನ್ನು ನಾನೊಬ್ಬಳೇ ಮುಂದುವರಿಸಿದೆ.

ಬಚ್ಚಲಿನ ಸಾಮಾನು ಕೊಳ್ಳಲು ತುಮಕೂರು ರಸ್ತೆಯ ದೊಡ್ಡ ಅಂಗಡಿಗೆ ಹೋದದ್ದನ್ನು ಹೇಳಲೋ ಬೇಡವೋ? ಹೇಳಿಯೇ ಬಿಡುತ್ತೇನೆ. ಭಾವ ಅಲ್ಲಿ ಸಾಲಾಗಿ ಇಟ್ಟಿದ್ದ ಕಮೋಡುಗಳ ಮೇಲೆ ಒಂದೊಂದಾಗಿ ಕೂತು ಪರೀಕ್ಷೆ ಮಾಡಿದರು. ಅವಸರದ ಪರೀಕ್ಷೆಯಲ್ಲ, ಪೇಪರ್ ಬಿಡಿಸಿಕೊಂಡು ಕೂತ ಪರೀಕ್ಷೆ. ಗಿರಾಕಿಗಳೆಲ್ಲ ಟೈಲ್ಸ್ ನೋಡುವುದನ್ನು ಬಿಟ್ಟು ಇವರನ್ನು ನೋಡತೊಡಗಿದರು. ನಾನು ನಲ್ಲಿಗಳ ಕಡೆ ಮುಖ ತಿರುಗಿಸಿ, ಈ ಮನುಷ್ಯ ಯಾರೋ ನನಗೆ ಗೊತ್ತಿಲ್ಲ ಎಂಬಂತೆ ನಿಂತಿದ್ದೆ. ಆಗ ಕರೆದರು.

"ಬಾಮ್ಮ, ನೀನೂ ಒಂದ್ಸಲ ಕೂತ್ಕೊಂಡು ನೋಡು."

"ಪೋರ್ಷನ್‌ಗಲ್ವಾ ಭಾವ ಇದು? ನಾನ್ಯಾಕೆ ಕೂರ್ಲಿ?"

"ಬಾಡಿಗೆಯೋರು ಹೆಚ್ಚು ಕಮ್ಮಿ ನಿನ್ನಷ್ಟೇ ಇರ್ತಾರೆ."

ನಾನು ಐದಡಿಗೂ ಕಡಿಮೆ. ಶಾಲೆಯಲ್ಲಿ ಕಪ್ಪು ಹಲಗೆಯ ಮೇಲಿನ ಅರ್ಧ ನನಗೆ ಎಂದೂ ಎಟುಕಿದ್ದಿಲ್ಲ. ಬೆಂಗಳೂರಿನ ಬಾಡಿಗೆದಾರರೆಲ್ಲ ನನ್ನಷ್ಟೇ ಕುಳ್ಳರೆಂದು ಇವರಿಗೆ ಹೇಳಿದವರು ಯಾರು? ಸಿಂಕ್ ಕೂರಿಸುವ ದಿನವೂ ನನ್ನನ್ನು ಖಾಲಿ ಗೋಡೆಯ ಮುಂದೆ ನಿಲ್ಲಿಸಿ, ಇಲ್ಲದ ಪಾತ್ರೆಗಳನ್ನು ತೊಳೆಸಿದರು. ಮೇಸ್ತ್ರಿ ನನ್ನ ಕೈಯ ಎತ್ತರಕ್ಕೆ ಗೆರೆ ಹಾಕಿಕೊಂಡರು.

ಇದೆಲ್ಲ ಅವರ ಮನೆಯ ವಿಷಯ, ಹೇಗಾದರೂ ಮಾಡಿಕೊಳ್ಳಲಿ. ಆದರೆ ನಾನು ಮನೆ ನೋಡಲು ಹೊರಟಾಗಲೆಲ್ಲ ಜೊತೆಗೆ ಬರಬೇಕೇ? ಗೊರಗುಂಟೆಪಾಳ್ಯದ ಮನೆಯಲ್ಲಿ, ಲಾರಿ ಸದ್ದು ಎಷ್ಟು ಕೇಳುತ್ತದೆಂದು ನೋಡಲು ಖಾಲಿ ರೂಮಿನ ನೆಲದ ಮೇಲೆ ಕಣ್ಣು ಮುಚ್ಚಿ ಅಂಗಾತ ಮಲಗಿದರು. ಓನರ್ ಹೆಂಡತಿ ಹೆದರಿ ನೀರು ತಂದರು. ಹೆಬ್ಬಾಳದ ಮನೆಗೆ ಧೂಳು ಜಾಸ್ತಿ ಎಂದರು ಭಾವ. ಕೊನೆಗೆ ಜಾಲಹಳ್ಳಿಯಲ್ಲಿ ಒಂದು ಮನೆ ಸಿಕ್ಕಿತು. ನೆಲಮಹಡಿ, ಎದುರಿಗೆ ಹೊಂಗೆ ಮರ. ಓನರಮ್ಮ 'ಟೀಚರಾ? ಒಬ್ಬರೇ ಆದ್ರೂ ಪರವಾಗಿಲ್ಲ' ಎಂದುಬಿಟ್ಟರು. ಆ ಮಾತು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ ಅವರ ಕೈ ಹಿಡಿದುಕೊಳ್ಳುವುದೊಂದು ಬಾಕಿ. ಅಷ್ಟರಲ್ಲಿ ಭಾವ ಜೇಬಿನಿಂದ ಗೋಲಿಯೊಂದನ್ನು ತೆಗೆದು ನೆಲದ ಮೇಲೆ ಬಿಟ್ಟರು. ಅದು ಗಡಗಡನೆ ಉರುಳಿ ಮೂಲೆ ಸೇರಿತು. ನಿಮ್ಮ ಮನೆ ವಾಲಿದೆ ಎಂದರು ಭಾವ. ಓನರಮ್ಮನ ಮುಖ ಗಂಟಾಯಿತು, ಮನೆ ಕೈತಪ್ಪಿತು.

ವಾಪಸ್ಸು ಬರುವಾಗ ಆಟೋದಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು.

"ನಾನು ಎಲ್ಲೂ ಒಂದ್ಕಡೆ ನೆಲೆ ನಿಲ್ಲೋದು ನಿಮಗೆ ಬೇಕಿಲ್ವಾ ಭಾವ?"

ಭಾವ ರಸ್ತೆಯ ಕಡೆ ನೋಡುತ್ತಾ ಕೂತಿದ್ದರು. ಮುಖ ತಿರುಗಿಸದೆಯೇ, ಮನೆ ವಾಲಿದ್ದು ಮಾತ್ರ ನಿಜ ಎಂದರು. ಅವರ ಗೋಲಿಯನ್ನು ಕಿತ್ತುಕೊಂಡು ಹೊರಗೆಸೆಯಬೇಕು ಎನ್ನಿಸಿತು.

ಮುಂದಿನ ಸಲ ಯಾರಿಗೂ ಹೇಳಲಿಲ್ಲ. ಹಳೆಯ ಸಹೋದ್ಯೋಗಿಯನ್ನು ನೋಡಿ ಬರುತ್ತೇನೆಂದು ಹೊರಟು ಯಲಹಂಕಕ್ಕೆ ಹೋದೆ. ಎರಡನೇ ಮಹಡಿಯ ಮನೆ, ಲಿಫ್ಟ್ ಇಲ್ಲ, ಬಸ್ ಸ್ಟಾಪು ದೂರ, ಅಡುಗೆಮನೆಗೆ ಬೆಳಕು ಕಡಿಮೆ. ಆದರೂ ಒಂಟಿ ಹೆಂಗಸಿಗೆ ಕೊಡಲು ಒಪ್ಪಿದರು. ಮುಂದಿನ ತಿಂಗಳು ಬರುತ್ತೇನೆಂದು ಮಾತು ಕೊಟ್ಟೆ. ಮೆಟ್ಟಿಲಿಳಿಯುವಾಗ ಖುಷಿಯಾಗಬೇಕಿತ್ತು, ಆಗಲಿಲ್ಲ.

ಸಂಜೆ ಬಂದಾಗ ಭಾವ ಹಿಂದಿನ ಪೋರ್ಷನ್ನಿನಲ್ಲಿದ್ದರು. ಕಿಟಕಿ ಅಂದೇ ಕೂರಿಸಿದ್ದರು, ಸಿಮೆಂಟು ಇನ್ನೂ ಹಸಿ. ಮೇಸ್ತ್ರಿ ಸಾಮಾನು ತೊಳೆದು ಚೀಲಕ್ಕೆ ತುಂಬುತ್ತಿದ್ದರು. ವಾದಕ್ಕೆ ಸಿದ್ಧಳಾಗಿಯೇ ವಿಷಯ ಹೇಳಿದೆ.

ಭಾವ ವಾದ ಮಾಡಲಿಲ್ಲ. ಎಷ್ಟು ಮೆಟ್ಟಿಲು ಎಂದು ಕೇಳಲಿಲ್ಲ, ನೀರು ಬರುತ್ತದೆಯೇ ಎಂದು ಕೇಳಲಿಲ್ಲ. ಕೈಗೆ ಮೆತ್ತಿದ ಸಿಮೆಂಟನ್ನು ಸುಮ್ಮನೆ ಉಜ್ಜಿ ಉಜ್ಜಿ ತೆಗೆಯುತ್ತಿದ್ದರು.

"ಮಾತು ಕೊಟ್ಬಂದಿದೀಯ, ಇರ್ಲಿ. ಇದನ್ನೂ ಒಂದ್ಸಲ ನೋಡ್ಬಿಡು" ಎಂದರು. "ಬಾಗ್ಲು ಬೇರೆ, ಕರೆಂಟ್ ಮೀಟರ್ ಬೇರೆ. ನಿನ್ನ ಅಡುಗೆ ನಿಂದು. ಬಾಡಿಗೆ ತಗೊಂಡೇ ತಗೋತೀನಿ, ಬಿಡಲ್ಲ. ಅಕ್ಕನ ಮನೇಲಿ ಬಿದ್ದಿದಾಳೆ ಅಂತ ಒಬ್ರೂ ಅನ್ನೋ ಹಾಗಿಲ್ಲ."

ಇಷ್ಟು ದಿನ ನಾನು ಜಗಳವಾಡಿದ್ದು ನನ್ನದೇ ಮನೆಯ ವಿರುದ್ಧ. ಅಕ್ಕ ತನ್ನ ಇಕ್ಕಟ್ಟಾದ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳು ಜಗಳ ನಿಲ್ಲಿಸಿದ್ದು ಸುಸ್ತಿಗಲ್ಲ.

"ಮೊದ್ಲೇ ಹೇಳೋಕೇನಾಗಿತ್ತು ಭಾವ?"

"ಹೇಳಿದ್ರೆ ಬೇಡ ಅಂತಿದ್ದೆ. ಕಟ್ಟಿದ್ಮೇಲೆ ಬೇಡ ಅನ್ನೋಕೆ ನಿಂಗೆ ಮನಸ್ಸು ಬರಲ್ಲ ಅಂದ್ಕೊಂಡೆ."

ಅಳುವುದನ್ನು ಅವರಿಬ್ಬರೂ ನೋಡಬಾರದೆಂದು ಕಿಟಕಿಯ ಕಡೆ ತಿರುಗಿದೆ. ಕಿಟಕಿಯಲ್ಲಿ ನನಗೆ ಕಂಡದ್ದು ಆಕಾಶ ಮಾತ್ರ. ಎಲ್ಲವನ್ನೂ ನನ್ನನ್ನು ನಿಲ್ಲಿಸಿ ಅಳೆದಿದ್ದರಲ್ಲ, ಇದೊಂದನ್ನು ಕೂರಿಸುವಾಗ ನಾನು ಯಲಹಂಕದಲ್ಲಿದ್ದೆ. ಏನಾದರೂ ಮಾತಾಡಬೇಕಲ್ಲ ಎಂದು, ಕಿಟಕಿ ಸ್ವಲ್ಪ ಎತ್ತರವಾಯಿತು ಎಂದೆ.

ಭಾವ ಹತ್ತಿರ ಬಂದರು. ನನ್ನ ನೆತ್ತಿ ನೋಡಿದರು, ಕಿಟಕಿ ನೋಡಿದರು. ಯಾರು ಬೇಡಿಕೊಂಡರೂ ಒಂದು ಗೆರೆ ಅಳಿಸದ ಮನುಷ್ಯ ಮೇಸ್ತ್ರಿಯ ಕಡೆ ತಿರುಗಿ ಹೇಳಿದರು:

"ಮೇಸ್ತ್ರಿ, ಕಿಟ್ಕಿ ತೆಗೀರಿ. ಕೆಳಗಿಳಿಸ್ಬೇಕು."

ಮೇಸ್ತ್ರಿ ಚೀಲ ಕೆಳಗಿಟ್ಟು ಅಲ್ಲೇ ಕುಕ್ಕರಿಸಿದರು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

"ಬೇಡ ಭಾವ, ಹಾಗೇ ಇರ್ಲಿ. ನಾನು ದಿನಾ ಒಂದು ಮಣೆ ಹಾಕ್ಕೊಂಡು ನಿಂತು ನೋಡ್ಕೋತೀನಿ."

ಭಾವ ಸರಿ ಎಂದರು. ಇಡೀ ರಿಪೇರಿಯಲ್ಲಿ ಅವರು ಇನ್ನೊಬ್ಬರ ಮಾತಿಗೆ ಸರಿ ಎಂದದ್ದು ಅದೊಂದೇ ಸಲ.