ಮೂರನೇ ಕುರ್ಚಿಯ ಮೇಷ್ಟ್ರು

ಸಂಗೀತ ಕಛೇರಿ ಅಂದಮೇಲೆ ಏನಾದರೊಂದು ಎಡವಟ್ಟು ಆಗದೆ ಇರುವುದಿಲ್ಲ. ತಂತಿ ಕಿತ್ತುಹೋಗುತ್ತದೆ, ಕರೆಂಟು ಹೋಗುತ್ತದೆ, ಮುಖ್ಯ ಅತಿಥಿಗಳು ಭಾಷಣ ನಿಲ್ಲಿಸುವುದಿಲ್ಲ. ಆದರೆ ಮೈಸೂರಿನ ವಿದ್ಯಾರಣ್ಯಪುರಂನ ನಮ್ಮ ಪುಟ್ಟ ಸಭಾಂಗಣದಲ್ಲಿ ಇತ್ತೀಚೆಗೆ ಆಗುತ್ತಿರುವುದು ಆ ಜಾತಿಯದಲ್ಲ. ಹೆಚ್ಚಿನದನ್ನು ವೇದಿಕೆಯ ಮೇಲಿಂದಲೇ ನೋಡಿದವಳು ನಾನು. ಅಲ್ಲಿ ತಂಬೂರಿ ಮೀಟುತ್ತೇನೆ. ಹಾಡುವವರ ಬೆನ್ನು ನೋಡಿಕೊಂಡೇ ನನ್ನ ತಲೆ ನರೆಯಿತು. ವಂದನಾರ್ಪಣೆಯಲ್ಲಿ ಎಲ್ಲರ ಹೆಸರು ಹೇಳಿ, ನನ್ನ ಸರದಿ ಬಂದಾಗ "ತಂಬೂರಿಯಲ್ಲಿ... ಇವರು" ಅನ್ನುತ್ತಾರೆ. ಇವರು ಅಂದರೆ ನಾನೇ.

ಮುಂದಿನ ಸಾಲಿನ ಮೂರನೇ ಕುರ್ಚಿ ಲೆಕ್ಕದ ಮೇಷ್ಟ್ರದು. ನಿವೃತ್ತರಾದ ಮೇಲೆ ಅವರು ಒಂದು ಕಛೇರಿಯನ್ನೂ ಬಿಟ್ಟವರಲ್ಲ. ತಾಳ ತಪ್ಪಿದರೆ ತೊಡೆಯ ಮೇಲೆ ಟಪ್ ಎಂದು ಒಂದೇ ಒಂದು ಏಟು. ಹಾಡುವವರ ಎದೆ ಒಡೆಯಬೇಕು, ಹಾಗೆ. ಶ್ರುತಿ ಚೆನ್ನಾಗಿ ಸೇರಿದರೆ ಮಾತ್ರ ನಿದ್ದೆ ಹೋಗುತ್ತಿದ್ದರು. ಬೇರೆಯವರ ಗೊರಕೆ ಅವಮಾನ, ಮೇಷ್ಟ್ರ ಗೊರಕೆ ಬಿರುದು. ದೊಡ್ಡ ದೊಡ್ಡ ವಿದ್ವಾಂಸರೂ ಶಾಲು ಹೊದೆಸಿಕೊಂಡು ಒಳಗೆ ಬಂದು, ಮೆಲ್ಲಗೆ ನನ್ನನ್ನು ಕೇಳುತ್ತಿದ್ದುದು ಒಂದೇ: "ಮಲಗಿದ್ರಾ?"

ಒಂದು ದಿನ ಮೇಷ್ಟ್ರು ನನ್ನ ಹತ್ತಿರ ಬಂದು, "ನಿಮ್ಮ ಶ್ರುತಿ ಚೆನ್ನಾಗಿದೆ ಕಣಮ್ಮ. ನೀವೊಂದ್ಸಲ ಹಾಡ್ಬೇಕು, ನಾನು ಮಲಗ್ಬೇಕು" ಅಂದಿದ್ದರು. ಆ ಏಟಿನ ಭಯಕ್ಕೆ ನಾನು ಆಗಲಿ, ನೋಡೋಣ ಅನ್ನುತ್ತಲೇ ಇದ್ದೆ. ಮೇಷ್ಟ್ರು ಕಾಯಲಿಲ್ಲ, ತೀರಿಕೊಂಡರು. ಆ ಸಂಕಟ ನನಗೆ ಇಂದಿಗೂ ಇದೆ. ಗೌರವಕ್ಕೆಂದು ಕಾರ್ಯದರ್ಶಿಗಳು ಅವರ ಕುರ್ಚಿಯನ್ನು ಖಾಲಿ ಬಿಟ್ಟರು.

ಮೊದಲ ಏಟು

ಹೊರಗಿನಿಂದ ಬಂದ ವಿದ್ವಾಂಸರೊಬ್ಬರು ಹಾಡುತ್ತಿದ್ದರು. ಕಲ್ಪನಾಸ್ವರದ ಭರಾಟೆಯಲ್ಲಿ ಪಲ್ಲವಿಗೆ ಅರ್ಧ ಅಕ್ಷರ ಮುಂಚೆ ಬಂದುಬಿಟ್ಟರು. ಮೂರನೇ ಕುರ್ಚಿಯಿಂದ ಟಪ್ ಅಂತು.

ಮೃದಂಗದವರ ಕೈ ಗಾಳಿಯಲ್ಲೇ ನಿಂತಿತು. ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಕಛೇರಿ ಮುಗಿದ ಮೇಲೆ ಕಾರ್ಯದರ್ಶಿಗಳು ಬಂದು, ಹಳೇ ಮರದ ಕುರ್ಚಿ, ಬಿಸಿಲಿಗೆ ಹಿಗ್ಗಿ ಸದ್ದು ಮಾಡುತ್ತದೆ ಎಂದು ಸಮಾಧಾನ ಹೇಳಿದರು. ಮೃದಂಗದವರು ಬೆವರು ಒರೆಸಿಕೊಳ್ಳುತ್ತಾ ಕೇಳಿದರು:

"ಹಿಗ್ಗಲಿ ಸ್ವಾಮಿ. ತಪ್ಪಿದ್ ಜಾಗದಲ್ಲೇ ಯಾಕೆ ಹಿಗ್ಗುತ್ತೆ?"

ಹುಡುಗರ ಫ್ಯೂಷನ್

ಆಮೇಲೆ ಗಿಟಾರ್, ಡ್ರಮ್ಸ್ ತಂದು ಫ್ಯೂಷನ್ ಹುಡುಗರು ಬಂದರು. ನಾನು ಅವತ್ತು ಬರೀ ಶ್ರೋತೃ, ಗೋಡೆ ಪಕ್ಕದಲ್ಲಿ ಕೂತಿದ್ದೆ. ಅವರದು ಯಾವ ತಾಳವೋ, ಅವರಿಗೇ ಒಮ್ಮತವಿರಲಿಲ್ಲ. ಕುರ್ಚಿಯಿಂದ ಮೊದಲು ಒಂದು ಏಟು ಬಿತ್ತು, ಆಮೇಲೆ ಎರಡು, ಆಮೇಲೆ ಬಿಡುವೇ ಇಲ್ಲ. ಮೇಷ್ಟ್ರು ಬದುಕಿದ್ದಾಗಲೂ ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ. ಜನ ಒಬ್ಬೊಬ್ಬರೇ ಎದ್ದು ಹಿಂದಿನ ಸಾಲಿಗೆ ಸರಿದರು. ಮುಂದಿನ ಸಾಲು ಪೂರ್ತಿ ಖಾಲಿಯಾಯಿತು.

ಡ್ರಮ್ಸ್ ಹುಡುಗ ದೀಪದ ಬೆಳಕಿಗೆ ಕಣ್ಣು ಕಿರಿದು ಮಾಡಿ, ಆ ಕಡೆಗೇ ಕೈಮುಗಿದ.

"ಮೈಸೂರ್ ಜನ ಅಂದ್ರೆ ಮೈಸೂರ್ ಜನ ಕಣ್ರೀ. ನಮ್ ಜೊತೆ ಹೆಂಗ್ ಚಪ್ಪಾಳೆ ತಟ್ತಾವ್ರೆ ನೋಡಿ."

ಮೈಕ್ ಟೆಸ್ಟಿಂಗ್

ನಮಗೆ ಮೈಕ್‌ಸೆಟ್ ಹಾಕುವವರು ಮಂಡಿ ಮೊಹಲ್ಲಾದ ಸಾಹೇಬರು. ದೆವ್ವ ಗಿವ್ವ ನಂಬುವವರಲ್ಲ. ಒಂದು ಸಂಜೆ ಸ್ಪೀಕರಿಗೆ ಜಾಗ ಬೇಕೆಂದು ಮೂರನೇ ಕುರ್ಚಿಯನ್ನು ಎತ್ತಿ ಬಾಗಿಲ ಪಕ್ಕ ಇಟ್ಟರು. ಎಲ್ಲರೂ ಕಾಫಿ ಕುಡಿದು ಬರುವಷ್ಟರಲ್ಲಿ ಕುರ್ಚಿ ತನ್ನ ಜಾಗದಲ್ಲಿತ್ತು. ಸ್ಪೀಕರು ಬಾಗಿಲ ಪಕ್ಕ ಇತ್ತು.

ಸಾಹೇಬರು ಸ್ಪೀಕರನ್ನು ಬಾಗಿಲ ಪಕ್ಕದಲ್ಲೇ ಬಿಟ್ಟು ವೈರು ಎಳೆದರು. ಅಂದಿನಿಂದ ಅವರ ಪದ್ಧತಿಯೇ ಬೇರೆ. ಮೈಕಿನಲ್ಲಿ ಹಲೋ ಹಲೋ ಅಂದ ಮೇಲೆ ಕುರ್ಚಿ ಕಡೆ ತಿರುಗಿ, "ಸಾರ್, ಕೇಳಿಸ್ತಾ ಐತಾ?" ಎಂದು ಕೇಳುತ್ತಾರೆ. ಒಂದು ದಿನ ಟಪ್ ಎಂದು ಉತ್ತರ ಬಂತು. ಸಾಹೇಬರು ಬೀದಿ ತುದಿಯ ಟೀ ಅಂಗಡಿ ತಲುಪಿದ ಮೇಲೆ ನೋಡಿಕೊಂಡರಂತೆ, ಮೈಕು ಇನ್ನೂ ಕೈಯಲ್ಲೇ ಇತ್ತು.

ಇವರು ಹಾಡಿದ್ದು

ಹೋದ ತಿಂಗಳು, ಕಛೇರಿ ಶುರುವಾಗಬೇಕು ಅನ್ನುವಾಗ ಹಾಡಬೇಕಾದವರಿಗೆ ಗಂಟಲು ಕಟ್ಟಿತು. ಜನ ಬಂದು ಕೂತಾಗಿದೆ. ಕಾರ್ಯದರ್ಶಿಗಳು ಆ ಕಡೆ ಈ ಕಡೆ ನೋಡಿ ಕೊನೆಗೆ ನನ್ನನ್ನು ನೋಡಿದರು.

"ಅಮ್ಮಾ, ನೀವೇ ಹಾಡ್ಬುಡಿ."

ನನಗೆ ಜನರ ಭಯ ಇರಲಿಲ್ಲ. ಕುರ್ಚಿಯ ಭಯ. ಆದರೂ ಮೇಷ್ಟ್ರು ಆಡಿದ ಮಾತು ನೆನಪಾಯಿತು. ಈಗಲ್ಲದಿದ್ದರೆ ಇನ್ನು ಯಾವಾಗ ಎಂದುಕೊಂಡು, ತಂಬೂರಿಯನ್ನು ಕಾರ್ಯದರ್ಶಿಗಳ ಹೆಂಡತಿಯ ಕೈಗೆ ಕೊಟ್ಟು, ಜೀವನದಲ್ಲಿ ಮೊದಲ ಸಲ ಮುಂದೆ ಕೂತೆ.

ಆ ಫ್ಯೂಷನ್ ದಿನದಿಂದ ಮುಂದಿನ ಸಾಲಿನಲ್ಲಿ ಯಾರೂ ಕೂರುವುದಿಲ್ಲವಲ್ಲ, ಅವತ್ತು ಒಬ್ಬಳು ಕೂತಿದ್ದಳು. ಗೋಕುಲಂನಲ್ಲಿ ಯೋಗ ಕಲಿಯಲು ಬಂದ ವಿದೇಶದ ಹುಡುಗಿ. ನಮ್ಮ ಸಭಾಂಗಣಕ್ಕೆ ಹೊಸಬಳು, ಪಾಪ, ಏನೂ ಗೊತ್ತಿಲ್ಲದೆ ನಾಲ್ಕನೇ ಕುರ್ಚಿಯಲ್ಲಿ ಕೂತುಬಿಟ್ಟಿದ್ದಳು.

ಕಲ್ಯಾಣಿ ಎತ್ತಿಕೊಂಡೆ. ಆಲಾಪನೆ ದಾಟಿ ಕೃತಿಗೆ ಬಂದೆ. ಪಲ್ಲವಿಯ ಎರಡನೇ ಸಂಗತಿಯಲ್ಲಿ, ಆಗಬಾರದ್ದು ಆಯಿತು, ಕೂದಲೆಳೆಯಷ್ಟು ತಾಳ ಜಾರಿತು. ಮೃದಂಗದವರು ಕಣ್ಣು ಮುಚ್ಚಿಕೊಂಡರು. ನಾನು ಏಟಿಗೆ ಕಾದೆ.

ಏಟು ಬೀಳಲಿಲ್ಲ. ನನಗೆ ಭಯ ಹೋಗಿ ಸಿಟ್ಟು ಬಂತು. ಊರಿನವರಿಗೆಲ್ಲ ಏಟು, ನನಗೆ ಒಂದು ಏಟಿನ ಯೋಗ್ಯತೆಯೂ ಇಲ್ಲವೇ ಎಂದುಕೊಂಡೆ. ಅಷ್ಟರಲ್ಲಿ ಕೇಳಿಸಿತು. ಬಲು ತಗ್ಗಿನಲ್ಲಿ, ನನ್ನದೇ ಷಡ್ಜದಲ್ಲಿ, ಉದ್ದಕ್ಕೆ ಎಳೆದ ಗೊರಕೆ.

ಮೈಯೆಲ್ಲ ಜುಮ್ಮೆಂದಿತು. ಕಣ್ಣಲ್ಲಿ ನೀರು ಬಂತು. ಮೃದಂಗದವರ ಮುಖ ಬಿಳಿಚಿಕೊಂಡಿತ್ತು, ಆದರೂ ಬಾರಿಸುವುದನ್ನು ಬಿಡಲಿಲ್ಲ. ಆ ಗೊರಕೆಯನ್ನೇ ಶ್ರುತಿ ಮಾಡಿಕೊಂಡು ಮಂಗಳದವರೆಗೆ ಹಾಡಿದೆ. ಅಷ್ಟು ಸುಖವಾಗಿ ನಾನು ಯಾವತ್ತೂ ಹಾಡಿರಲಿಲ್ಲ.

ಕಾರ್ಯದರ್ಶಿಗಳು ಶಾಲು ತಂದರು. ಸಾಹೇಬರು ವೈರು ಸುತ್ತುತ್ತಾ ಹತ್ತಿರ ಬಂದರು. ಆಗ ಆ ಹುಡುಗಿ ವೇದಿಕೆಯ ಹತ್ತಿರ ಬಂದು, ತರಗತಿಯಲ್ಲಿ ಕಲಿತ ಕನ್ನಡದಲ್ಲಿ ಒಂದೊಂದೇ ಪದ ಜೋಡಿಸಿ ಹೇಳಿದಳು:

"ಅಮ್ಮ, ನಿಮ್ಮ ಗಾಯನ ಬಹಳ ಸುಂದರವಾಗಿತ್ತು. ನನ್ನ ಪಕ್ಕದ ವೃದ್ಧರು ನಿದ್ರೆ ಮಾಡಿದರು. ದಯವಿಟ್ಟು ಬೇಸರ ಮಾಡಬೇಡಿ."

ಬೇಸರವೇ? ನಾನು ಅವಳ ಕೈ ಹಿಡಿದುಕೊಂಡೆ. "ಅವ್ರು ಮಲಗ್ಲಿ ಅಂತಲೇ ಹಾಡಿದ್ದು ಕಣಮ್ಮ" ಅಂದೆ.

ಅವಳಿಗೆ ಸಮಾಧಾನವಾಯಿತು. ಹಿಂತಿರುಗಿ ಖಾಲಿ ಸಾಲಿನ ಕಡೆ ನೋಡಿ ಕೇಳಿದಳು:

"ಎಲ್ಲರೂ ಮನೆಗೆ ಹೋಗುತ್ತಿದ್ದಾರೆ. ಅವರು ಇನ್ನೂ ಮಲಗಿದ್ದಾರೆ. ನಾನು ಎಬ್ಬಿಸಲೇ?"

ಕಾರ್ಯದರ್ಶಿಗಳು, ಮೃದಂಗದವರು, ಸಾಹೇಬರು, ಮೂವರೂ ಒಂದೇ ತಾಳಕ್ಕೆ, ಅರ್ಧ ಅಕ್ಷರವೂ ಆಚೀಚೆ ಆಗದಂತೆ ಹೇಳಿದರು:

"ಬೇಡ."